ಹೊಸ ಕಾರಿನ ಬಣ್ಣ ಮತ್ತು ಒಳಭಾಗದ ರಕ್ಷಣೆ: ಕರಾವಳಿಯಲ್ಲಿ ಯಾವುದು ಬೇಕು, ಯಾವುದು ಬೇಡ?

ಪ್ರಶ್ನೆ: ಮಲ್ಪೆ ದಾರಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಮನೆಗೆ ಹೊಸ ಕಾರು ಬರಲಿದೆ. ಕಡು ನೀಲಿ ಬಣ್ಣದ ಸಾಮಾನ್ಯ ಹ್ಯಾಚ್‌ಬ್ಯಾಕ್. ಕನಿಷ್ಠ ಹತ್ತು ವರ್ಷ ಇಟ್ಟುಕೊಳ್ಳಬೇಕೆಂಬ ಉದ್ದೇಶದಿಂದಲೇ ಕೊಳ್ಳುತ್ತಿದ್ದೇವೆ. ಬುಕಿಂಗ್ ಮುಗಿದ ಮೇಲೆ ಶೋರೂಮಿನವರು ಒಂದು ಪಟ್ಟಿಯನ್ನು ಮುಂದಿಟ್ಟಿದ್ದಾರೆ. ಹೊರಮೈಗೆ ಟೆಫ್ಲಾನ್ ಕೋಟಿಂಗ್, ಇನ್ನೂ ಉತ್ತಮವಾದದ್ದು ಬೇಕಾದರೆ ಸೆರಾಮಿಕ್ ಕೋಟಿಂಗ್, ಅಡಿಭಾಗಕ್ಕೆ ತುಕ್ಕು ಹಿಡಿಯದಂತೆ ಲೇಪ, ಒಳಾಂಗಣಕ್ಕೊಂದು ಲೇಪ, ಸೀಟುಗಳಿಗೆ ಕೃತಕ ಚರ್ಮದ ಕವರ್, ಕಾಲಡಿಗೆ ದಪ್ಪನೆಯ ಮ್ಯಾಟು ಇವೆಲ್ಲ ಅದರಲ್ಲಿವೆ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ ಸಿಗುತ್ತದೆಯಂತೆ. ಡೆಲಿವರಿಗೆ ಮುಂಚೆಯೇ ಮಾಡಿಸದಿದ್ದರೆ ಬಣ್ಣಕ್ಕೆ ಅಷ್ಟು ಪ್ರಯೋಜನವಿಲ್ಲವಂತೆ. ಈ ಎರಡನೆಯ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದು ನನ್ನ ಮೊದಲ ಪ್ರಶ್ನೆ.

ನಮ್ಮ ಮನೆ ಇರುವುದು ಉಡುಪಿಯಿಂದ ಮಲ್ಪೆಗೆ ಹೋಗುವ ಕಡೆ, ಸಮುದ್ರಕ್ಕೆ ಸಮೀಪದಲ್ಲಿ. ಕಾರು ನಿಲ್ಲಿಸಲು ಅಂಗಳವಿದೆ, ಆದರೆ ಶೆಡ್ ಇಲ್ಲ. ಅಂಗಳದ ಒಂದು ಬದಿಗೆ ಹಲಸಿನ ಮರ, ಇನ್ನೊಂದು ಬದಿಗೆ ಕಾಡುಮಾವಿನ ಮರ ಇವೆ. ಬೇಸಿಗೆಯ ಕೊನೆಯಲ್ಲಿ ಬಾವಿಯ ನೀರು ಕಡಿಮೆಯಾಗುವುದರಿಂದ ತೊಳೆಯಲು ಬೋರ್‌ವೆಲ್ ನೀರನ್ನೇ ಬಳಸಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ, ಮಕ್ಕಳಿದ್ದಾರೆ, ವಾರಕ್ಕೊಮ್ಮೆಯಾದರೂ ಬಂದರಿನಿಂದ ಮೀನು ಬರುತ್ತದೆ. ಹೀಗಿರುವಾಗ ನಮ್ಮ ಮಿತಿಯ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಧೈರ್ಯವಾಗಿ ಬಿಡಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಬಣ್ಣದ ಕೆಲಸ, ಮಂಗಳೂರು

ನಮಸ್ಕಾರ ಸರ್. ನಾನು ಹಲವು ವರ್ಷಗಳಿಂದ ಕಾರುಗಳ ಪೇಂಟಿಂಗ್ ಮತ್ತು ಪಾಲಿಶ್ ಕೆಲಸದಲ್ಲಿದ್ದೇನೆ. ನಿಮ್ಮ ಪಟ್ಟಿಯನ್ನು ಒಂದೊಂದಾಗಿ ನೋಡುವುದಕ್ಕಿಂತ ಮೊದಲು, ರಕ್ಷಿಸಬೇಕಾದ ವಸ್ತು ಯಾವುದು ಎಂಬುದನ್ನು ತಿಳಿದುಕೊಂಡರೆ ಉಳಿದದ್ದನ್ನು ನೀವೇ ತೀರ್ಮಾನಿಸಬಹುದು.

ಕಾರ್ಖಾನೆಯಲ್ಲಿ ಕಾರಿನ ತಗಡಿನ ಮೇಲೆ ನಾಲ್ಕು ಪದರಗಳನ್ನು ಕೂರಿಸುತ್ತಾರೆ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಅಂಟಿಸುವ ತುಕ್ಕುನಿರೋಧಕ ಪದರ ಮೊದಲನೆಯದು. ಅದರ ಮೇಲೆ ಪ್ರೈಮರ್, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಈ ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತವೆ; ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಹೊಳಪು ಇರುವುದು ಈ ಪದರದಲ್ಲಿ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಕೆಳಗಿನ ಬಣ್ಣ ಮಾಸದಂತೆ ತಡೆಯುವ ರಾಸಾಯನಿಕ ಇರುವುದೂ ಇದರಲ್ಲಿಯೇ. ಗೀರು ಬಿದ್ದಿದೆಯೆಂದು ಕಂಪೌಂಡ್ ಹಾಕಿ ಯಂತ್ರದಲ್ಲಿ ಉಜ್ಜಿಸಿದಾಗಲೆಲ್ಲ ಇದರಿಂದ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಹತ್ತು ವರ್ಷ ಕಾರನ್ನು ಇಟ್ಟುಕೊಳ್ಳುವವರು ಪಾಲಿಶ್ ಮಾಡಿಸುವ ಸಂದರ್ಭವೇ ಅಪರೂಪವಾಗುವಂತೆ ನೋಡಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ‘ರಬ್ಬಿಂಗ್ ಪಾಲಿಶ್’ ಉಚಿತ ಎಂದು ಯಾರಾದರೂ ಹೇಳಿದರೆ ಅದನ್ನು ಬೇಡವೆನ್ನಿ. ಆ ಉಚಿತಕ್ಕೆ ಬೆಲೆ ತೆರುವುದು ನಿಮ್ಮ ಕಾರಿನ ಕ್ಲಿಯರ್ ಕೋಟ್.

ಈಗ ಟೆಫ್ಲಾನ್ ಬಗ್ಗೆ. ಟೆಫ್ಲಾನ್ ಎಂಬ ವಸ್ತು ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವಲಿಯ ಮೇಲೆ ಅದು ಗಟ್ಟಿಯಾಗಿ ಕೂರುವುದು ಅಂಥ ಶಾಖ ಕೊಟ್ಟಾಗ ಮಾತ್ರ. ಕಾರಿನ ಕ್ಲಿಯರ್ ಕೋಟನ್ನು ಕಾರ್ಖಾನೆಯಲ್ಲಿ ಬೇಯಿಸುವುದೇ 140 ಡಿಗ್ರಿಯ ಆಸುಪಾಸಿನಲ್ಲಿ. ಹಾಗಿರುವಾಗ ಶೋರೂಮಿನ ಹಿತ್ತಿಲಲ್ಲಿ ಕೈಯಿಂದ ಸವರಿದ ದ್ರವದಲ್ಲಿ ಟೆಫ್ಲಾನ್ ಇದ್ದರೂ ಅದು ಬಣ್ಣಕ್ಕೆ ಅಂಟಿಕೊಳ್ಳುವ ದಾರಿಯಿಲ್ಲ. ಆ ಹೆಸರಿನಲ್ಲಿ ಹಚ್ಚುವ ವಸ್ತುವಿನಲ್ಲಿ ಕೆಲಸ ಮಾಡುವುದು ಅದರೊಳಗಿನ ಮೇಣ ಅಥವಾ ಪಾಲಿಮರ್. ಅದು ಹೊಳಪು ಕೊಡುವುದು, ನೀರು ಜಾರುವಂತೆ ಮಾಡುವುದು ನಿಜ. ಆದರೆ ಕೆಲವು ತಿಂಗಳ ಬಾಳಿಕೆಯ ಅದೇ ಕೆಲಸವನ್ನು ನೀವು ಅಂಗಡಿಯಿಂದ ಒಂದು ಡಬ್ಬಿ ಪೇಂಟ್ ಸೀಲಂಟ್ ತಂದು ಭಾನುವಾರ ಬೆಳಿಗ್ಗೆ ನೆರಳಿನಲ್ಲಿ ಮಾಡಿಕೊಳ್ಳಬಹುದು. ಇದನ್ನು ಧೈರ್ಯವಾಗಿ ಬಿಡಿ.

ಸೆರಾಮಿಕ್ ಕೋಟಿಂಗ್ ಅಂಥದ್ದಲ್ಲ. ಸಿಲಿಕಾ ಮೂಲದ ಆ ದ್ರವ ಕ್ಲಿಯರ್ ಕೋಟಿಗೆ ನಿಜವಾಗಿಯೂ ಬಂಧಗೊಂಡು ಒಂದೆರಡು ಮೈಕ್ರಾನಿನ ಗಟ್ಟಿ ಪದರವಾಗುತ್ತದೆ. ಕೊಳೆ ಸುಲಭವಾಗಿ ಬಿಡುತ್ತದೆ, ಹಕ್ಕಿಯ ಹಿಕ್ಕೆಯ ಆಮ್ಲಕ್ಕೆ ಸ್ವಲ್ಪ ತಡೆ ಸಿಗುತ್ತದೆ, ಚೆನ್ನಾಗಿ ನೋಡಿಕೊಂಡರೆ ಒಂದೆರಡು ವರ್ಷ ಬಾಳುತ್ತದೆ. ಆದರೆ ಜಾಹೀರಾತಿನಲ್ಲಿ ಕಾಣುವ ‘9ಎಚ್’ ಗಡಸುತನವನ್ನು ನೋಡಿ ಕಲ್ಲೇಟಿನಿಂದಲೂ ಕೀಲಿಕೈಯ ಗೀರಿನಿಂದಲೂ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಅದು ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. ಪೆನ್ಸಿಲ್‌ಗಳಲ್ಲಿ ಅತ್ಯಂತ ಗಟ್ಟಿಯಾದದ್ದಕ್ಕೆ ಗೀರು ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ಮರಳಿನ ಕಣ ಪೆನ್ಸಿಲ್‌ಗಿಂತ ಎಷ್ಟೋ ಗಟ್ಟಿ. ಸೆರಾಮಿಕ್ ಮಾಡಿಸಿದ ಕಾರನ್ನು ಒಣಬಟ್ಟೆಯಿಂದ ಉಜ್ಜಿದರೂ ಸೂರ್ಯನ ಬೆಳಕಿನಲ್ಲಿ ಜೇಡರ ಬಲೆಯಂಥ ಗೀರುಗಳು ಕಾಣಿಸಿಕೊಳ್ಳುತ್ತವೆ, ನಿಮ್ಮ ಕಡು ನೀಲಿಯಲ್ಲಂತೂ ಎದ್ದು ಕಾಣುತ್ತವೆ.

ಡೆಲಿವರಿಗೆ ಮುಂಚೆಯೇ ಮಾಡಿಸಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಕಾರ್ಖಾನೆಯ ಬಣ್ಣ ಬೆಂದು ಪೂರ್ತಿ ಗಟ್ಟಿಯಾಗಿಯೇ ಹೊರಬರುವುದರಿಂದ ಲೇಪವನ್ನು ಮೊದಲ ದಿನವೂ ಹಚ್ಚಬಹುದು, ಮೂರು ತಿಂಗಳ ನಂತರವೂ ಹಚ್ಚಬಹುದು. ಕಾಯಬೇಕಾದದ್ದು ಅಪಘಾತದ ನಂತರ ವರ್ಕ್‌ಶಾಪಿನಲ್ಲಿ ಹೊಡೆಸಿದ ಬಣ್ಣಕ್ಕೆ. ಅದನ್ನು ಕಡಿಮೆ ಶಾಖದಲ್ಲಿ ಒಣಗಿಸುವುದರಿಂದ ದ್ರಾವಕ ಆರಲು ವಾರಗಳೇ ಬೇಕಾಗುತ್ತವೆ. ಹಾಗಾಗಿ ಸೆರಾಮಿಕ್ ಬೇಕೇ ಬೇಕೆಂದರೂ ಮಳೆಗಾಲ ಮುಗಿಯಲಿ, ಪ್ರತ್ಯೇಕ ಸ್ಟುಡಿಯೋಗಳಲ್ಲಿ ವಿಚಾರಿಸಿ, ಲೇಪಕ್ಕೆ ಮುನ್ನ ಮೇಲ್ಮೈಯನ್ನು ಹೇಗೆ ಸಿದ್ಧಪಡಿಸುತ್ತಾರೆಂದು ಕೇಳಿ ನಿರ್ಧರಿಸಿ. ಆ ಸಿದ್ಧತೆ ಸರಿಯಾಗದಿದ್ದರೆ ಗೀರುಗಳ ಮೇಲೆಯೇ ಲೇಪ ಕೂರುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೊರಮೈಗೆ ಹಣ ಹಾಕುವುದಾದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮಿಗೆ ಹಾಕಬೇಕು, ಅದೂ ಇಡೀ ಕಾರಿಗಲ್ಲ. ಇದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ. ಸಣ್ಣ ಕಲ್ಲಿನ ಏಟನ್ನು ನಿಜವಾಗಿ ತಡೆಯುವುದು ಇದೊಂದೇ. ಹೆದ್ದಾರಿ 66ರಲ್ಲಿ ಟಿಪ್ಪರ್‌ಗಳ ಹಿಂದೆ ಓಡಾಡುವ ಕಾರಿಗೆ ಮುಂದಿನ ಬಂಪರ್, ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು, ಡೋರ್ ಹಿಡಿಕೆಯ ಒಳಗೆ ಉಗುರು ತಾಗುವ ಜಾಗ, ಡಿಕ್ಕಿಯ ಬಾಯಿಯ ಅಂಚು ಇಷ್ಟಕ್ಕೆ ಹಾಕಿಸಿದರೆ ಸಾಕು. ಪಿವಿಸಿ ಹಾಳೆಯನ್ನು ಇದೇ ಹೆಸರಿನಲ್ಲಿ ಅಗ್ಗಕ್ಕೆ ಮಾರುತ್ತಾರೆ. ಅದು ಬಿಸಿಲಿಗೆ ಹಳದಿಯಾಗುತ್ತದೆ, ತೆಗೆಯುವಾಗ ಅಂಟು ಉಳಿಯುತ್ತದೆ. ಬಿಲ್ಲಿನಲ್ಲಿ ಟಿಪಿಯು (ಥರ್ಮೋಪ್ಲಾಸ್ಟಿಕ್ ಪಾಲಿಯುರಿಥೇನ್) ಎಂದು ಬರೆಸಿಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಹೆಚ್ಚು ಖರ್ಚಿಲ್ಲದ ವಿಷಯ. ಹೊಸ ಕಾರಿನ ಮೇಲೆ ಬೀಳುವ ಮೊದಲ ಗೀರುಗಳು ಬಹುಪಾಲು ಡೆಲಿವರಿಯ ದಿನ ಶೋರೂಮಿನಲ್ಲಿಯೇ, ಧೂಳು ಹಿಡಿದ ಬಟ್ಟೆಯಿಂದ ಅವಸರದಲ್ಲಿ ಒರೆಸುವಾಗ ಬೀಳುತ್ತವೆ. ಕಾರನ್ನು ಒರೆಸದೆ, ಪಾಲಿಶ್ ಮಾಡದೆ, ನೀರು ಹಾಯಿಸಿ ಹಾಗೆಯೇ ಕೊಡಿ ಎಂದು ಮೊದಲೇ ಲಿಖಿತವಾಗಿ ತಿಳಿಸಿ. ಮನೆಯಲ್ಲಿ ತೊಳೆಯುವಾಗ ಮೊದಲು ಬರಿಯ ನೀರಿನಿಂದ ಮಣ್ಣನ್ನು ಇಳಿಸಬೇಕು. ನಮ್ಮ ಮುರಕಲ್ಲಿನ ಕೆಂಪು ಧೂಳಿನಲ್ಲಿ ಹರಳು ಬಹಳ. ಆಮೇಲೆ ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು ತುಂಬಿಸಿ, ಒಂದೊಂದು ಭಾಗ ಉಜ್ಜಿದ ಮೇಲೆಯೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ ಮತ್ತೆ ಶಾಂಪೂವಿನಲ್ಲಿ ಅದ್ದಬೇಕು. ಮೇಲಿನಿಂದ ಕೆಳಗೆ ಬರಬೇಕು. ಚಕ್ರಕ್ಕೆ ಬಳಸಿದ ಬಟ್ಟೆ ಬಾನೆಟ್ಟಿಗೆ ಬರಬಾರದು. ಪಾತ್ರೆ ತೊಳೆಯುವ ದ್ರವ ನೀವು ಹಚ್ಚಿದ ಮೇಣವನ್ನೂ ತೊಳೆದುಬಿಡುತ್ತದೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಧೂಳು ಹೊಡೆಯುವ ಅಭ್ಯಾಸ ಮನೆಯಲ್ಲಿ ಯಾರಿಗೂ ಬರದಂತೆ ನೋಡಿಕೊಳ್ಳಿ. ಕಾರು ಧೂಳಾಗಿರುವುದರಿಂದ ಬಣ್ಣಕ್ಕೆ ಏನೂ ಆಗುವುದಿಲ್ಲ, ಆ ಧೂಳನ್ನು ಒಣಗಿದ್ದಾಗ ಉಜ್ಜುವುದರಿಂದ ಆಗುತ್ತದೆ.

ಉತ್ತರ 2: ಕದ್ರಿ ಗುಡ್ಡೆ

ಹೊರಮೈಯ ಬಗ್ಗೆ ಮೇಲಿನವರು ಸವಿಸ್ತಾರವಾಗಿ ಬರೆದಿದ್ದಾರೆ. ಒಳಭಾಗದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಕಾರಿನ ಒಳಭಾಗಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಮಂಗಳೂರು–ಉಡುಪಿಯ ಗಾಳಿಯ ತೇವಾಂಶ ದಿನಗಟ್ಟಲೆ ಶೇ. 85ರ ಮೇಲೆಯೇ ಇರುತ್ತದೆ. ನಾಲ್ಕು ದಿನ ಬಾಗಿಲು ತೆರೆಯದೆ ನಿಲ್ಲಿಸಿದ ಕಾರಿನ ಸ್ಟಿಯರಿಂಗ್, ಸೀಟ್ ಬೆಲ್ಟ್, ಗೇರಿನ ಹಿಡಿಕೆ ಇವುಗಳ ಮೇಲೆ ಬಿಳಿಯ ಬೂಷ್ಟು ಕಾಣಿಸಿಕೊಳ್ಳುತ್ತದೆ. ಕೈಬೆವರು, ತಿಂಡಿಯ ಜಿಡ್ಡು ಇರುವ ಕಡೆ ಅದು ಮೊದಲು ಬರುತ್ತದೆ. ಆದ್ದರಿಂದ ಮೇ ಕೊನೆಯಲ್ಲಿಯೇ ಈ ಜಾಗಗಳನ್ನು ಸೌಮ್ಯ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಆಲ್ಕೋಹಾಲ್ ತಾಗಿದ ಪ್ಲಾಸ್ಟಿಕ್ ಮತ್ತು ಕೃತಕ ಚರ್ಮ ಕಳೆಗುಂದುತ್ತದೆ.

ಕಾರು ಬಂದ ದಿನವೇ ಸೀಟಿನ ಮೇಲಿರುವ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದುಹಾಕಿ. ಹೊಸತನ ಉಳಿಯಲೆಂದು ತಿಂಗಳುಗಟ್ಟಲೆ ಅದನ್ನು ಬಿಡುವವರನ್ನು ನೋಡಿದ್ದೇನೆ. ಅದರಡಿ ಬೆವರೂ ಮಳೆನೀರೂ ಸೇರಿ ಆರದೆ ಉಳಿಯುವುದರಿಂದ ಸೀಟಿನ ಬಟ್ಟೆಗೆ ಹೊದಿಕೆಯಿಂದಲೇ ಹಾನಿಯಾಗುತ್ತದೆ.

ಕಾಲಡಿಗೆ ಅಳತೆಗೆ ಹೊಂದುವ, ಎತ್ತರದ ಅಂಚುಳ್ಳ ರಬ್ಬರ್ ಮ್ಯಾಟು ನಿಮ್ಮ ಪಟ್ಟಿಯಲ್ಲಿ ಅತ್ಯಂತ ಅಗತ್ಯವಾದ ವಸ್ತು. ಆದರೆ ಇಡೀ ನೆಲವನ್ನು ಹೊದಿಸಿ ತಿರುಪು ಹಾಕಿ ಕೂರಿಸುವ, ಹೊಲಿಗೆಯಿರುವ ದಪ್ಪ ಮ್ಯಾಟುಗಳನ್ನು ಕರಾವಳಿಯಲ್ಲಿ ಹಾಕಿಸಬೇಡಿ. ಕೊಡೆಯಿಂದ ಇಳಿದ ನೀರು ಹೊಲಿಗೆಯ ಮೂಲಕ ಅಡಿಗೆ ಹೋದರೆ ಅಲ್ಲಿರುವ ಕಾರ್ಪೆಟ್, ಅದರ ಕೆಳಗಿನ ಸ್ಪಂಜಿನಂಥ ಹಾಸು ಅದನ್ನು ಹೀರಿಕೊಂಡು ಇಡೀ ಮಳೆಗಾಲ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೆಲದಲ್ಲಿ ವೈರಿಂಗ್ ಸಹ ಹಾದುಹೋಗುತ್ತದೆ. ಸಂಜೆ ಎತ್ತಿ ಕೊಡವಿ ಗೋಡೆಗೆ ಒರಗಿಸಿಡಲು ಬರುವ ಮ್ಯಾಟೇ ಸರಿ. ಚಾಲಕನ ಕಡೆಯ ಮ್ಯಾಟು ನೆಲದ ಕೊಕ್ಕೆಗೆ ಸಿಕ್ಕಿಕೊಂಡಿರಬೇಕು, ಒಂದರ ಮೇಲೊಂದು ಹಾಕಬಾರದು. ಜಾರಿ ಪೆಡಲ್ಲಿನ ಅಡಿಗೆ ಹೋಗುವ ಅಪಾಯವಿದೆ.

ಸೀಟ್ ಕವರ್ ವಿಷಯದಲ್ಲಿ ಒಂದು ಎಚ್ಚರಿಕೆ. ಈಗಿನ ಬಹಳಷ್ಟು ಕಾರುಗಳಲ್ಲಿ ಮುಂದಿನ ಸೀಟಿನ ಬದಿಯಲ್ಲಿಯೇ ಏರ್‌ಬ್ಯಾಗ್ ಇರುತ್ತದೆ, ಅಲ್ಲೊಂದು ಸಣ್ಣ ಚೀಟಿ ಹೊಲಿದಿರುತ್ತಾರೆ. ಅದನ್ನು ಮುಚ್ಚುವ ಬಿಗಿಯಾದ ಕವರ್ ಹಾಕಿಸಿದರೆ ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ಸರಿಯಾಗಿ ಹೊರಬರುವುದಿಲ್ಲ. ಬದಿಯಲ್ಲಿ ಸುಲಭವಾಗಿ ಹರಿಯುವ ಹೊಲಿಗೆಯಿರುವ ಕವರ್‌ಗಳು ಸಿಗುತ್ತವೆ, ಅದೇ ಆಗಬೇಕು. ನನ್ನನ್ನು ಕೇಳಿದರೆ ನಿಮ್ಮ ಕಾರಿನಲ್ಲಿ ಬಟ್ಟೆಯ ಸೀಟೇ ಇದ್ದರೆ ಅದಕ್ಕೆ ಕೃತಕ ಚರ್ಮ ಹೊದಿಸಬೇಡಿ. ಬಟ್ಟೆಗೆ ಗಾಳಿಯಾಡುತ್ತದೆ, ಬೇಗ ಆರುತ್ತದೆ. ಮಕ್ಕಳು ಕೂರುವ ಹಿಂದಿನ ಸೀಟಿಗೆ ತೆಗೆದು ಒಗೆಯಬಹುದಾದ ಹತ್ತಿಯ ಹೊದಿಕೆ ಹಾಕಿದರೆ ಆಯಿತು.

ಎಸಿಯ ಬಳಕೆಯೂ ಒಳಭಾಗದ ರಕ್ಷಣೆಯೇ. ಮಳೆಯಲ್ಲಿ ಚಳಿಯೆಂದು ಎಸಿ ಆರಿಸಿ, ಒಳಗಾಳಿಯನ್ನೇ ಸುತ್ತಿಸುತ್ತ ಹೋದರೆ ಉಸಿರಿನ ತೇವ, ಒದ್ದೆ ಬಟ್ಟೆಯ ತೇವ ಎಲ್ಲ ಒಳಗೇ ಉಳಿಯುತ್ತದೆ. ಎಸಿ ಗಾಳಿಯನ್ನು ಒಣಗಿಸುತ್ತದೆ. ಬೇಕಿದ್ದರೆ ತಾಪಮಾನವನ್ನು ಬೆಚ್ಚಗೆ ಇಟ್ಟುಕೊಂಡು ಎಸಿ ಓಡಿಸಿ, ಹೊರಗಾಳಿ ಬರುವಂತೆ ಇಡಿ. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಒಳಗಿನ ತಂಪು ಸುರುಳಿ ಆರಿ, ವಾಸನೆ ಹಿಡಿಯುವುದು ತಪ್ಪುತ್ತದೆ. ಹಲಸಿನ ಮರದ ಬಳಿ ನಿಲ್ಲಿಸುತ್ತೀರಾದ್ದರಿಂದ ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯಿಂದ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಿರಿ. ಅಲ್ಲಿ ನೀರು ಇಳಿದುಹೋಗುವ ರಂಧ್ರ ಕಟ್ಟಿಕೊಂಡರೆ ನೀರು ಕಾರಿನೊಳಗೆ ಬರುವ ದಾರಿ ಹುಡುಕುತ್ತದೆ. ಮುಂದಿನ ಸೀಟಿನ ಕಾಲಡಿ ಕಾರಣವಿಲ್ಲದೆ ಒದ್ದೆಯಾಗಿದ್ದರೆ ಇದನ್ನೂ, ಎಸಿಯ ನೀರು ಹೊರಹೋಗುವ ಕೊಳವೆಯನ್ನೂ ಮೊದಲು ಪರೀಕ್ಷಿಸಬೇಕು.

ಮೀನಿನ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಬಂಗುಡೆ, ಬೂತಾಯಿ ತಂದ ಪ್ಲಾಸ್ಟಿಕ್ ಚೀಲದಿಂದ ಐಸಿನ ನೀರು ಡಿಕ್ಕಿಯ ಕಾರ್ಪೆಟ್ಟಿಗೆ ಒಮ್ಮೆ ಇಳಿದರೆ, ಕಾರ್ಪೆಟ್ ಬಿಚ್ಚಿ ತೊಳೆಯದೆ ಆ ವಾಸನೆ ಹೋಗುವುದಿಲ್ಲ. ಸುಗಂಧದ ಡಬ್ಬಿ ಇಟ್ಟರೆ ಎರಡು ವಾಸನೆಗಳಾಗುತ್ತವೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಟಬ್ಬನ್ನು ಡಿಕ್ಕಿಯಲ್ಲಿ ಖಾಯಂ ಇಟ್ಟುಬಿಡಿ. ಶೋರೂಮಿನ ಒಳಾಂಗಣ ಲೇಪದ ಹಣದಲ್ಲಿ ಇಂಥ ಎಷ್ಟೋ ಟಬ್ಬುಗಳು ಬರುತ್ತವೆ.

ಉತ್ತರ 3: ಜಯನಗರ, ಬೆಂಗಳೂರು

ಮೊದಲ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಸೆರಾಮಿಕ್ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ನನ್ನ ಕಾರು ವರ್ಷವಿಡೀ ರಸ್ತೆಬದಿಯ ಮಳೆಮರದ ಕೆಳಗೇ ನಿಲ್ಲುತ್ತದೆ. ಲೇಪ ಮಾಡಿಸುವ ಮೊದಲು ಅಂಟು, ಹಿಕ್ಕೆ, ಹೂವಿನ ಕಲೆ ಬಿಡಿಸಲು ಉಜ್ಜಬೇಕಾಗುತ್ತಿತ್ತು. ಈಗ ನೀರು ಹಾಯಿಸಿ ಒರೆಸಿದರೆ ಬಿಡುತ್ತವೆ. ಉಜ್ಜುವುದು ಕಡಿಮೆಯಾದರೆ ಕ್ಲಿಯರ್ ಕೋಟ್ ಉಳಿಯುತ್ತದೆ ಎಂಬ ಅವರದೇ ತರ್ಕದಿಂದ ನೋಡಿದರೂ, ಮರದ ಕೆಳಗೆ ನಿಲ್ಲುವ ಕಾರಿಗೆ ಸೆರಾಮಿಕ್ ವ್ಯರ್ಥವಲ್ಲ. ಶೆಡ್ ಕಟ್ಟಿಸಲು ಸಾಧ್ಯವಿದ್ದರೆ ಮಾತ್ರ ಆ ಹಣವನ್ನು ಶೆಡ್ಡಿಗೆ ಹಾಕುವುದು ಮೇಲು.

ಆದರೆ ಬೋರ್‌ವೆಲ್ ನೀರಿಗೆ ಸೆರಾಮಿಕ್ ಪರಿಹಾರವಲ್ಲ ಎಂಬುದನ್ನು ಬೆಂಗಳೂರಿನವನಾಗಿ ಒತ್ತಿ ಹೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳು ಈ ಮಿತಿಯನ್ನೂ ದಾಟುತ್ತವೆ. ಅಂಥ ನೀರು ಬಣ್ಣದ ಮೇಲೆ ಆರಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರಗಳಾಗಿ ಉಳಿಯುತ್ತವೆ. ಲೇಪವಿರುವ ಕಾರಿನಲ್ಲಿ ನೀರು ಮಣಿಗಳಾಗಿ ನಿಲ್ಲುವುದರಿಂದ ಉಂಗುರಗಳು ಇನ್ನೂ ಸ್ಪಷ್ಟವಾಗಿ ಮೂಡುತ್ತವೆ. ಬಿಸಿಲಿನಲ್ಲಿ ತೊಳೆಯಬೇಡಿ, ಬಾನೆಟ್ ಬಿಸಿಯಾಗಿದ್ದಾಗಲಂತೂ ಬೇಡ. ತೊಳೆದ ಭಾಗವನ್ನು ದೊಡ್ಡ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಆಗಲೇ ನೀರು ತೆಗೆಯಿರಿ. ಉಂಗುರ ಆಗಿಬಿಟ್ಟಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು, ಕೂಡಲೇ ತೊಳೆದರೆ ಹೊಸ ಕಲೆ ಕರಗುತ್ತದೆ. ನಿಮಗೆ ಇದಕ್ಕಿಂತ ಒಳ್ಳೆಯ ಉಪಾಯವಿದೆ: ಮಳೆಗಾಲದಲ್ಲಿ ಸೂರಿನಿಂದ ಬೀಳುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳಿ. ಆ ಮೃದು ನೀರಿನಲ್ಲಿ ಕೊನೆಯ ಬಾರಿ ಜಾಲಿಸಿದರೆ ಕಲೆಯ ಪ್ರಶ್ನೆಯೇ ಇಲ್ಲ.

ಇಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಅಭಾವವಾದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತು. ಆಗ ಅನೇಕರು ನೀರು ಶುದ್ಧೀಕರಿಸುವ ಆರ್‌ಒ ಯಂತ್ರವು ಬೇಡವೆಂದು ಹೊರಹಾಕುವ ನೀರಿನಲ್ಲಿ ಕಾರು ತೊಳೆಯಲು ತೊಡಗಿದರು. ನೀರು ಉಳಿಸುವ ಉದ್ದೇಶ ದೊಡ್ಡದು, ಆದರೆ ಆ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತಲೂ ಸಾಂದ್ರವಾಗಿರುತ್ತವೆ. ಅದನ್ನು ನೆಲ ಒರೆಸಲು, ಚಕ್ರ ತೊಳೆಯಲು ಬಳಸಿ, ಬಣ್ಣದ ಮೇಲೆ ಬೇಡ.

ಬಿಸಿಲಿನ ಬಗ್ಗೆ ಒಂದು ಮಾತು. ಡ್ಯಾಶ್‌ಬೋರ್ಡಿಗೆ ಹಚ್ಚುವ ಜಿಡ್ಡಿನ ಹೊಳಪು ದ್ರವ ಧೂಳನ್ನು ಹಿಡಿಯುತ್ತದೆ, ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಕಪ್ಪು ಫಿಲ್ಮಿನ ವಿಷಯದಲ್ಲಿ, ಅದನ್ನು ನಿಷೇಧಿಸಿದ ಸುಪ್ರೀಂ ಕೋರ್ಟಿನ 2012ರ ಏಪ್ರಿಲ್ ಆದೇಶದಿಂದಾಗಿ ಪೊಲೀಸರ ಜೊತೆ ತಕರಾರು ಬರುವ ಸಾಧ್ಯತೆ ಇದ್ದೇ ಇದೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಮಡಚುವ ಬೆಳ್ಳಿಬಣ್ಣದ ಪರದೆ ಇಟ್ಟರೆ ಡ್ಯಾಶ್‌ಬೋರ್ಡಿಗೆ ಬೇಕಾದಷ್ಟು ರಕ್ಷಣೆ ಸಿಗುತ್ತದೆ.

ಉತ್ತರ 4: ಕುಂದಾಪುರ ವರ್ಕ್‌ಶಾಪ್

ಅಡಿಭಾಗದ ಲೇಪದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಮುದ್ರದ ಗಾಳಿಯ ಉಪ್ಪು ಬಣ್ಣದ ಮೇಲ್ಮೈಗಿಂತ ಹೆಚ್ಚಾಗಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಕಡೆ: ಬೆಸುಗೆಯ ಜೋಡಣೆಗಳು, ಬೋಲ್ಟುಗಳು, ಬ್ರೇಕ್ ಕೊಳವೆಯ ಹಿಡಿಕೆಗಳು, ಸೈಲೆನ್ಸರ್. ಈಗಿನ ಕಾರುಗಳಿಗೆ ಕಾರ್ಖಾನೆಯಲ್ಲಿಯೇ ಜೋಡಣೆಗಳಿಗೆ ಸೀಲಂಟ್, ನೆಲದ ತಗಡಿಗೆ ಪಿವಿಸಿ ಲೇಪ ಹಾಕಿರುತ್ತಾರೆ. ಹಾಗಾಗಿ ಬಯಲುಸೀಮೆಯ ಕಾರಿಗೆ ಹೆಚ್ಚುವರಿ ಲೇಪದ ಅಗತ್ಯವಿಲ್ಲವೆಂದೇ ನಾನು ಹೇಳುತ್ತೇನೆ. ಸಮುದ್ರದ ಬದಿಯಲ್ಲಿ ಹತ್ತು ವರ್ಷ ಇರಬೇಕಾದ ಕಾರಿಗೆ ಮಾಡಿಸಬಹುದು, ಆದರೆ ಹೇಗೆ ಮಾಡುತ್ತಾರೆ ಎಂಬುದನ್ನು ನಿಂತು ನೋಡಬೇಕು.

ಲಿಫ್ಟಿನ ಮೇಲೆ ಎತ್ತಿ, ಅಡಿಭಾಗ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಸಿಂಪಡಿಸಬೇಕು. ಒದ್ದೆ ತಗಡಿನ ಮೇಲೆ ಹೊಡೆದ ರಬ್ಬರ್ ಲೇಪ ನೀರನ್ನು ಒಳಗೇ ಮುಚ್ಚಿಡುತ್ತದೆ. ಮೇಲಿನಿಂದ ಕಪ್ಪಗೆ ಚೆಂದ ಕಾಣುತ್ತಿರುತ್ತದೆ, ಒಳಗೆ ತುಕ್ಕು ಹರಡುತ್ತಿರುತ್ತದೆ. ಬಾಗಿಲುಗಳ ಬುಡದಲ್ಲಿ, ಬದಿಯ ಸಿಲ್‌ಗಳಲ್ಲಿ ನೀರು ಇಳಿಯಲೆಂದು ಬಿಟ್ಟಿರುವ ರಂಧ್ರಗಳು ಮುಚ್ಚಬಾರದು. ಸೈಲೆನ್ಸರ್, ಬ್ರೇಕ್, ಡ್ರೈವ್ ಶಾಫ್ಟ್, ಸೆನ್ಸರ್‌ಗಳ ಮೇಲೆ ಬೀಳದಂತೆ ಕಾಗದ ಕಟ್ಟಬೇಕು. ಇಷ್ಟನ್ನು ಎದುರಿಗೆ ನಿಂತು ನೋಡಲು ಬಿಡದವರಲ್ಲಿ ಮಾಡಿಸಬೇಡಿ. ಹೆಚ್ಚುವರಿ ಲೇಪದಿಂದ ಕಂಪನಿಯ ತುಕ್ಕಿನ ವಾರಂಟಿಗೆ ಬಾಧೆಯಿದೆಯೇ ಎಂಬುದನ್ನೂ ವಾರಂಟಿ ಪುಸ್ತಕದಲ್ಲಿ ಓದಿ, ಶೋರೂಮಿನಿಂದ ಬರಹದಲ್ಲಿ ಪಡೆದುಕೊಳ್ಳಿ.

ನಮ್ಮಲ್ಲಿ ವಾಟರ್ ಸರ್ವಿಸ್ ಮಾಡುವ ಕಡೆ ತೊಳೆದಾದ ಮೇಲೆ ಅಡಿಗೆ ಡೀಸೆಲ್ ಅಥವಾ ಹಳೆಯ ಎಣ್ಣೆ ಹೊಡೆಯುವ ರೂಢಿ ಇನ್ನೂ ಇದೆ. ಅದು ಎಲೆಸ್ಪ್ರಿಂಗಿನ ಹಳೆಯ ಗಾಡಿಗಳ ಕಾಲದ್ದು. ಈಗಿನ ಕಾರಿನ ಕೆಳಗೆ ಎಲ್ಲೆಲ್ಲೂ ರಬ್ಬರ್ ಬುಷ್‌ಗಳಿವೆ, ಡೀಸೆಲ್ ತಾಗಿದರೆ ಅವು ಉಬ್ಬಿ ಹಾಳಾಗುತ್ತವೆ. ಬ್ರೇಕಿಗೆ ತಾಗಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸ್ಪಷ್ಟವಾಗಿ ಬೇಡವೆಂದು ಹೇಳಿ. ಬೀಚಿನ ಮರಳಿನವರೆಗೆ ಕಾರು ಇಳಿಸಿದ ದಿನ, ಉಪ್ಪುನೀರು ತಾಗಿದ ದಿನ, ಸಂಜೆಯೇ ಅಡಿಗೆ ಪೈಪಿನಿಂದ ಸಿಹಿನೀರು ಹಾಯಿಸುವುದೇ ಒಳ್ಳೆಯ ಲೇಪ. ಬಂಪರಿಗೆ ಕಲ್ಲು ತಾಗಿ ಬಣ್ಣ ಹಾರಿದರೆ ಅದು ಪ್ಲಾಸ್ಟಿಕ್, ತುಕ್ಕು ಹಿಡಿಯದು. ಬಾನೆಟ್ಟಿಗೋ ಛಾವಣಿಯ ಅಂಚಿಗೋ ತಾಗಿ ತಗಡು ಕಂಡರೆ ಮಾತ್ರ ಆ ವಾರವೇ ಟಚ್‌ಅಪ್ ಬಣ್ಣ ಹಚ್ಚಬೇಕು, ಕರಾವಳಿಯಲ್ಲಿ ಮುಂದಿನ ತಿಂಗಳಿಗೆ ಬಿಡುವಂತಿಲ್ಲ.

ಮರುಪ್ರಶ್ನೆ: ಮಲ್ಪೆ ದಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಟೆಫ್ಲಾನ್, ಒಳಾಂಗಣ ಲೇಪ, ಸೀಟ್ ಕವರ್ ಮೂರನ್ನೂ ಬಿಡುತ್ತೇನೆ. ಸದ್ಯಕ್ಕೆ ಅಂಗಳದಲ್ಲಿ ಶೀಟಿನ ಶೆಡ್ ಹಾಕಿಸಿ, ಮುಂಭಾಗಕ್ಕೆ ಫಿಲ್ಮ್ ಮಾಡಿಸುವುದೆಂದು ತೀರ್ಮಾನಿಸಿದ್ದೇವೆ. ಇನ್ನೆರಡು ಸಂಗತಿಗಳು ಉಳಿದಿವೆ. ಶೆಡ್ ಆಗುವವರೆಗೆ ಕಾರಿಗೆ ಹೊದಿಕೆ ಹಾಕಬಹುದೇ, ಹಲಸಿನ ಮೇಣ ಬಿದ್ದರೆ ಏನು ಮಾಡಬೇಕು? ಎರಡನೆಯದಾಗಿ, ಡೆಲಿವರಿಯ ದಿನವೇ ದೇವಸ್ಥಾನದಲ್ಲಿ ಪೂಜೆ ಮಾಡಿಸಬೇಕೆಂದು ತಾಯಿಯವರ ಇಚ್ಛೆ. ಅರಿಸಿನ, ಕುಂಕುಮ, ಗಂಧ ಹಚ್ಚುವುದರಿಂದ ಬಣ್ಣಕ್ಕೆ ತೊಂದರೆಯಿದೆಯೇ?

ಉತ್ತರ 5: ಬಣ್ಣದ ಕೆಲಸ, ಮಂಗಳೂರು

ಹೊದಿಕೆಯನ್ನು ಮಳೆಗಾಲದಲ್ಲಿ ಹಾಕಬೇಡಿ ಸರ್. ಅದರಡಿ ತೇವ ಕೂತು ಬಣ್ಣದ ಮೇಲೆ ಮಬ್ಬು ಕಲೆಗಳಾಗುತ್ತವೆ, ಗಾಳಿಗೆ ಬಡಿದುಕೊಂಡು ಅಡಿಯ ಧೂಳು ಉಜ್ಜಿ ಗೀರಾಗುತ್ತದೆ. ತೊಳೆದು ಒಣಗಿಸಿದ ಕಾರಿಗೆ ಬೇಸಿಗೆಯಲ್ಲಿ ಹಾಕಬಹುದು, ಅಷ್ಟೆ. ಹಲಸಿನ ಮೇಣಕ್ಕೆ ನಮ್ಮ ಮನೆಗಳಲ್ಲಿ ಕತ್ತಿಗೂ ಕೈಗೂ ಹಚ್ಚುವ ತೆಂಗಿನೆಣ್ಣೆಯೇ ಸಾಕು. ಹತ್ತಿಯಲ್ಲಿ ಎಣ್ಣೆ ಅದ್ದಿ ಮೇಣದ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆದು ಶಾಂಪೂವಿನಿಂದ ತೊಳೆಯಿರಿ. ಹೊಸ ಡಾಂಬರಿನ ಚುಕ್ಕಿಗಳಿಗೂ ಇದೇ ಕ್ರಮ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ಮಾವಿನ ಸೊನೆ ಹೆಚ್ಚು ಖಾರವಾದದ್ದು, ಬಿದ್ದದ್ದು ಕಂಡ ಕೂಡಲೇ ತೊಳೆಯಬೇಕು. ಮರ ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳಿಂದ ಉದುರುವ ಅಂಟನ್ನು ಹೆಚ್ಚು ದಿನ ಬಿಟ್ಟರೆ ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಹಕ್ಕಿಯ ಹಿಕ್ಕೆಯನ್ನು ಒಣಗಿದ್ದಾಗ ಕೆರೆಯಬೇಡಿ. ಒದ್ದೆ ಬಟ್ಟೆ ಹಾಕಿ ಐದು ನಿಮಿಷ ನೆನೆಸಿ ಎತ್ತಿ. ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಉಳಿದರೂ ಅದರ ಆಮ್ಲ ಕ್ಲಿಯರ್ ಕೋಟಿನಲ್ಲಿ ಅಚ್ಚು ಬಿಡಬಲ್ಲದು.

ಪೂಜೆಯನ್ನು ಸಂತೋಷದಿಂದ ಮಾಡಿಸಿ. ಅದಕ್ಕಾಗಿ ಹಿಂಜರಿಯುವ ಕಾರಣವಿಲ್ಲ. ಗಂಧ, ಅರಿಸಿನ, ಕುಂಕುಮಗಳನ್ನು ಗಾಜಿನ ಮೇಲೆ ಅಥವಾ ನಂಬರ್ ಪ್ಲೇಟಿನ ಬದಿಯಲ್ಲಿ ಹಚ್ಚಲು ಅರ್ಚಕರನ್ನು ಕೇಳಿಕೊಂಡರೆ ಅವರು ಒಪ್ಪುತ್ತಾರೆ. ಬಾನೆಟ್ಟಿನ ಮೇಲೆಯೇ ಸ್ವಸ್ತಿಕ ಬರೆಯುವುದಾದರೆ ನೀರಿನಲ್ಲಿ ಕಲಸಿದ್ದನ್ನು ಬೆರಳಿನಿಂದ ಬರೆಯಲಿ, ಒಣ ಪುಡಿಯನ್ನು ಉಜ್ಜುವುದು ಬೇಡ. ಮನೆಗೆ ಬಂದ ಮೇಲೆ ಆ ಸಂಜೆಯೇ ನೀರು ಸುರಿದು ಇಳಿಸಿ, ಒರೆಸಿ ತೆಗೆಯಬೇಡಿ. ಬಾಜಾರಿನ ಕುಂಕುಮದಲ್ಲಿ ಕೃತಕ ಬಣ್ಣ ಇರುವುದರಿಂದ ಅದು ಕಾರಿಗಿಂತ ಸೀಟಿನ ಬಟ್ಟೆಗೆ ಹೆಚ್ಚು ಕಲೆ ಮಾಡುತ್ತದೆ, ಸ್ಟಿಯರಿಂಗ್ ಮೇಲೆ ಹಚ್ಚುವಾಗ ಕೆಳಗೊಂದು ಬಟ್ಟೆ ಹಾಸಿ. ಅರಿಸಿನ ಸೀಟಿಗೆ ಬಿದ್ದರೆ ಸೋಪು ಹಾಕಿದ ಕೂಡಲೇ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ತೊಳೆದು ಬಿಸಿಲು ತಾಗುವಂತೆ ಬಾಗಿಲು ತೆರೆದಿಟ್ಟರೆ ದಿನಗಳೆದಂತೆ ಮಾಸುತ್ತದೆ. ಹೂಮಾಲೆಯನ್ನು ತಂತಿಯಲ್ಲಿ ಕಟ್ಟಿದ್ದರೆ ಒಪ್ಪಬೇಡಿ, ದಾರದಲ್ಲಿ ಕಟ್ಟಿಸಿ. ಆಯುಧಪೂಜೆಗೆ ಬಾಳೆಗಿಡ ಕಟ್ಟುವಾಗ ಕಡಿದ ತುದಿಯಿಂದ ಇಳಿಯುವ ಸೊನೆ ಒಣಗಿ ಕಂದು ಕಲೆಯಾದರೆ ಬಿಡಿಸುವುದು ಬಹಳ ಕಷ್ಟ, ಆದ್ದರಿಂದ ಕಡಿದ ತುದಿಗೆ ಪ್ಲಾಸ್ಟಿಕ್ ಸುತ್ತಿ, ಕಾರಿನ ಮೈಗೆ ತಾಗದಂತೆ ಮುಂದಿನ ಗ್ರಿಲ್ಲಿಗೆ ಕಟ್ಟಿ.